ಹಗುರ ಗಾರೆಯ ಪರಿಭಾಷೆ: ಒಂದು ವಿಮರ್ಶೆ

ಕಾವ್ಯದ ಭಾಷೆಯನ್ನು ಪರಿಶೀಲಿಸುವಂತೆ ಶಾಸ್ತ್ರಗ್ರಂಥದ ಭಾಷೆಯನ್ನು ಪರಿಶೀಲಿಸುವ ವಾಡಿಕೆ ನಮ್ಮಲ್ಲಿ ಕಡಮೆ. ಶಬ್ದವು ವ್ಯಾಕರಣಶುದ್ಧವಾಗಿದ್ದರೆ ಸಾಕು, ಅರ್ಥವನ್ನು ಆಯಾ ಶಾಸ್ತ್ರಜ್ಞರೇ ನೋಡಿಕೊಳ್ಳುವರೆಂದು ಸಾಹಿತ್ಯದ ಅಧ್ಯಾಪಕರು ಸುಮ್ಮನಿರುವುದುಂಟು. ಈ ಉದಾಸೀನದಿಂದ ಒದಗುವ ಹಾನಿಯನ್ನು ಕಟ್ಟಡಶಾಸ್ತ್ರದ ಒಂದು ಹೊಸ ಪದಾರ್ಥದ ಹೆಸರನ್ನು ಹಿಡಿದು ಇಲ್ಲಿ ವಿವೇಚಿಸುವೆವು.

ಕುಟ್ಟದೆ, ಅದುರಿಸದೆ, ತನ್ನ ಭಾರದಿಂದಲೇ ಹರಿದು ಮೂಲೆಮೂಲೆಯನ್ನೂ ತುಂಬುವ ಕಾಂಕ್ರೀಟಿನ ಕಲ್ಪನೆಯನ್ನು ಜಪಾನಿನ ಹಾಜಿಮೆ ಒಕಾಮುರ ಎಂಬ ವಿದ್ವಾಂಸರು 1986ರಲ್ಲಿ ಮುಂದಿಟ್ಟರು. 1988ರಲ್ಲಿ ಅದರ ಮೊದಲ ಮಾದರಿ ಸಿದ್ಧವಾಯಿತು. ಅದರೊಳಗಿನ ಜಲ್ಲಿಯನ್ನು ಬಿಟ್ಟರೆ ಉಳಿಯುವುದೇ ಅಂತಹ ಗಾರೆ. 60 ಮಿಲಿಮೀಟರು ಎತ್ತರದ, ಬುಡದಲ್ಲಿ 100 ಮಿಲಿಮೀಟರು ಅಗಲದ ಚಿಕ್ಕ ಶಂಕುವಿನಲ್ಲಿ ಅದನ್ನು ತುಂಬಿ ಶಂಕುವನ್ನು ಮೇಲೆತ್ತಿದರೆ, ಗಾರೆಯು 240ರಿಂದ 260 ಮಿಲಿಮೀಟರು ಅಗಲಕ್ಕೆ ಹರಡಿಕೊಳ್ಳಬೇಕೆಂದು ಯೂರೋಪಿನ ಎಫ್‌ನಾರ್ಕ್ ಒಕ್ಕೂಟವು 2002ರಲ್ಲಿ ಸೂಚಿಸಿತು.

ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾದುದು 1946ರಲ್ಲಿ; ವಸ್ತುವು ಹುಟ್ಟಿದ್ದು ಅದಕ್ಕೆ ನಾಲ್ವತ್ತು ವರ್ಷಗಳ ತರುವಾಯ. ಆದುದರಿಂದ ಹೆಸರನ್ನು ನಾವೇ ಕಟ್ಟಿಕೊಳ್ಳಬೇಕಾಗಿದೆ. ‘ಸ್ವಯಂಸಂಪೀಡಕ’ ಎಂದರೆ ಒತ್ತುವ ಕ್ರಿಯೆಯ ಅರ್ಥ ಬರುತ್ತದೆ. ಒತ್ತುವುದನ್ನು ತಪ್ಪಿಸುವುದೇ ಈ ಗಾರೆಯ ಉದ್ದೇಶ. ‘ಸ್ವಯಂಸಾಂದ್ರ’ ಎಂಬುದು ಕಿವಿಗೆ ಇಂಪಾದರೂ, ನಮ್ಮ ಪಾಠಪುಸ್ತಕಗಳಲ್ಲಿ ‘ಸಾಂದ್ರತೆ’ಯು ಗಾತ್ರಕ್ಕೆ ತಕ್ಕ ತೂಕವೆಂಬ ಅರ್ಥದಲ್ಲಿ ನಿಂತುಹೋಗಿದೆ. ಅದರ ಹಿಂದೆ ‘ಹಗುರ’ವನ್ನು ಸೇರಿಸಿದೊಡನೆ ಹೆಸರು ತನ್ನನ್ನು ತಾನೇ ಖಂಡಿಸಿಕೊಳ್ಳುತ್ತದೆ. ‘ತಾನೇ ಅಡಕಗೊಳ್ಳುವ ಗಾರೆ’ ಎಂಬುದರಲ್ಲಿ ಈ ದೋಷವಿಲ್ಲ. ಸಂದುಬಿಡದೆ ಕೂಡಿಕೊಳ್ಳುವುದನ್ನು ‘ಅಡಕ’ವು ಹೇಳುತ್ತದೆ, ತೂಕದ ಮಾತನ್ನು ಅದು ಎತ್ತುವುದಿಲ್ಲ.

ಎರಡನೆಯ ಪದ ‘ಪರ್ಯಾಯ ಹಗುರ ವಸ್ತು’. ಯಾವುದಕ್ಕೆ ಪರ್ಯಾಯ? ಶಹಾಪುರ ಸೀಮೆಯನ್ನು ನೋಡಿರಿ. ಅಲ್ಲಿ ಬೆಟ್ಟವೂ ಕಲ್ಲು, ಕೋಟೆಯೂ ಕಲ್ಲು. ಆದರೆ ನಾರಾಯಣಪುರದ ಎಡದಂಡೆಯ ಕಾಲುವೆ ಹರಿದ ಮೇಲೆ ಭತ್ತದ ಬೆಳೆಯೂ ಬಂದಿದೆ. ಭತ್ತದ ತೂಕದಲ್ಲಿ ಐದರಲ್ಲೊಂದು ಪಾಲಿನಷ್ಟು ಹೊಟ್ಟು. ಹೊಟ್ಟನ್ನು ಸುಟ್ಟರೆ ಅದರ ಐದರಲ್ಲೊಂದು ಪಾಲಿನಷ್ಟು ಬೂದಿ. ಹದವರಿತು ಸುಟ್ಟ ಈ ಬೂದಿಯಲ್ಲಿ ಸಿಲಿಕವೇ ಹೆಚ್ಚು; ಅದು ಸುಣ್ಣದೊಡನೆ ಕೂಡಿ ಗಟ್ಟಿಯಾಗುವುದರಿಂದ ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ನಿಲ್ಲಬಲ್ಲುದು. ಪ್ಯೂಮಿಸ್ ಕಲ್ಲಿನ ನುರಿ, ಉಬ್ಬಿಸಿ ಸುಟ್ಟ ಜೇಡಿಯ ಹರಳು ಇವಾದರೋ ನಿಲ್ಲುವುದು ಮರಳಿನ ಸ್ಥಾನದಲ್ಲಿ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ವಿದ್ಯಾರ್ಥಿಯು ಅವುಗಳ ನಡತೆಯೂ ಒಂದೇ ಎಂದು ಬಗೆಯುವನು. ನಡತೆ ಬೇರೆ: ಹಗುರ ಹರಳು ತೆಳುವಾದ ಗಾರೆಯಲ್ಲಿ ಮೇಲಕ್ಕೆ ತೇಲಿ ಬೇರ್ಪಡುವ ಸ್ವಭಾವದ್ದು, ಬೂದಿಯು ನೀರನ್ನು ಹೀರಿ ಗಾರೆಯನ್ನು ಮಂದಗೊಳಿಸಿ, ಮಿತಿಯಲ್ಲಿ ಬೆರೆಸಿದರೆ, ಆ ಹರಳನ್ನೇ ತಡೆದು ಹಿಡಿಯುವಂಥದು. ಮಿತಿ ಮೀರಿದರೆ ಗಾರೆ ಹರಿಯುವುದೇ ಇಲ್ಲ. ಆದುದರಿಂದ ‘ಬದಲಿ ಪುಡಿ’, ‘ಬದಲಿ ಹರಳು’ ಎಂದು ಎರಡು ಹೆಸರುಗಳು ಬೇಕು.

ಎಲ್ಲಕ್ಕಿಂತ ಅಪಾಯಕರವಾದುದು ‘ಪ್ರಮಾಣ’ವೆಂಬ ಸಾಧುವಾದ ಶಬ್ದ. ‘ಮರಳಿನಷ್ಟೇ ಪ್ರಮಾಣದಲ್ಲಿ ಹಗುರ ಹರಳನ್ನು ಹಾಕತಕ್ಕದ್ದು’ ಎಂದು ಬರೆದರೆ ಅದು ತೂಕವೋ ಗಾತ್ರವೋ? ಮರಳು ನೀರಿಗಿಂತ 2.6 ಪಾಲು ಭಾರವೆಂದೂ ಹರಳು 1.3 ಪಾಲು ಭಾರವೆಂದೂ ಇಟ್ಟುಕೊಳ್ಳೋಣ. 100 ಕಿಲೋಗ್ರಾಂ ಮರಳಿನ ನಿಜಗಾತ್ರ ಸುಮಾರು 38 ಲೀಟರು. ಅಷ್ಟೇ ತೂಕದ ಹರಳಿನದು ಸುಮಾರು 77. ತೂಕವೆಂದು ತಿಳಿದವನ ಗಾರೆಯಲ್ಲಿ ಹರಳು ಇಮ್ಮಡಿಯಾಗಿ, ಅದನ್ನು ಸುತ್ತುವ ಸಿಮೆಂಟಿನ ಪಾಕವು ಸಾಲದೆ ಹೋಗುವುದು. ಬುಟ್ಟಿಯಿಂದ ಅಳೆದು ಮಾಲು ಕಲಸುವ ಗೌಂಡಿಯು ಈ ಒಂದು ವಿಷಯದಲ್ಲಿ ಗ್ರಂಥಕಾರನಿಗಿಂತ ಸರಿಯಾದ ದಾರಿಯಲ್ಲಿದ್ದಾನೆ. ಅವನ ಅಳತೆ ಮೊದಲಿನಿಂದಲೂ ಗಾತ್ರದ್ದೇ. ಹರಳುಗಳ ನಡುವಣ ತೆರವನ್ನು ಲೆಕ್ಕಕ್ಕೆ ಹಿಡಿಯುವುದೊಂದನ್ನು ಅವನಿಗೆ ತಿಳಿಸಬೇಕು. ಅದನ್ನು ತಿಳಿಸಲು ಅವನ ಮಾತೇ ಬೇಕು.

ಸಂಸ್ಕೃತಮೂಲದ ಪರಿಭಾಷೆಯಿಂದ ಭಾರತದ ಭಾಷೆಗಳಿಗೆಲ್ಲ ಸಾಮ್ಯ ಒದಗುವುದೆಂಬ ವಾದವುಂಟು. 1961ರಲ್ಲಿ ಸ್ಥಾಪಿತವಾದ ಕೇಂದ್ರದ ಪರಿಭಾಷಾ ಆಯೋಗವು ಆ ದಾರಿಯನ್ನೇ ಬಹುಮಟ್ಟಿಗೆ ಹಿಡಿಯಿತು. ಆ ವಾದವನ್ನು ನಾವು ತಿರಸ್ಕರಿಸುವುದಿಲ್ಲ; ‘ಸಿಲಿಕ’ದಂತಹ ಪದಾರ್ಥನಾಮಗಳಲ್ಲಿ ಸಾಮ್ಯವೇ ಮೇಲು. ಆದರೆ ಕೈಯಿಂದ ನಡೆಯುವ ಕ್ರಿಯೆಯ ಹೆಸರು ಆ ಕ್ರಿಯೆಯನ್ನು ತೋರಿಸಬೇಕು. ಕನ್ನಡದಲ್ಲಿ ಓದಿ ಬಂದ ಶಹಾಪುರದ ಹುಡುಗನು ಪಾಲಿಟೆಕ್ನಿಕ್ಕಿನಲ್ಲಿ ಎಡವಿದರೆ, ಅವನ ಬುದ್ಧಿಯನ್ನು ಹಳಿಯುವ ಮುನ್ನ ಅವನ ಕೈಗಿತ್ತ ಶಬ್ದವನ್ನು ಪರೀಕ್ಷಿಸಬೇಕು. ಕಾವ್ಯದಲ್ಲಿ ಶ್ಲೇಷೆ ಅಲಂಕಾರವೆನಿಸುತ್ತದೆ; ಗಾರೆಯ ಲೆಕ್ಕದಲ್ಲಿ ಅದೇ ಶ್ಲೇಷೆಯಿಂದ ಗೋಡೆ ಬಿರುಕುಬಿಡುವುದು. ಇವೆರಡರ ಭೇದವನ್ನು ತಿಳಿಸಬಲ್ಲವರು ಸಾಹಿತ್ಯದ ಅಧ್ಯಾಪಕರಾದುದರಿಂದ, ಈ ಪರೀಕ್ಷೆಯ ಭಾರವನ್ನು ಅವರೂ ಹೊರಬೇಕೆಂದು ನಮ್ಮ ವಿಜ್ಞಾಪನೆ.