ಫ್ರೆಂಚ್ ರಾಕ್ಸ್‌ನಲ್ಲಿ ಫ್ರಾನ್ಸ್ ಹುಡುಕುವವರು

ಪಾಂಡವಪುರದ ಸುತ್ತಮುತ್ತಲಿನ ಬಗ್ಗೆ ಬಂದಿರೋ ಪ್ರವಾಸ ಬರಹ, ವ್ಲಾಗ್, ರೀಲ್‌ಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಎರಡು ವಾರ ನೋಡಿದೆ. ನಮ್ಮೂರು ಕ್ಯಾತನಹಳ್ಳಿ ಅದೇ ತಾಲ್ಲೂಕಾದ್ದರಿಂದ ಫೋನು ಕೂಡ ಕೇಳದೇ ಇದ್ದರೂ ತಂದು ಸುರೀತು. ಎಲ್ಲವೂ ಒಂದೇ ಅಚ್ಚಿನಲ್ಲಿ ಹೊಯ್ದ ಬೆಲ್ಲ. ‘ಬೆಂಗಳೂರಿನಿಂದ ಬರೀ 130 ಕಿಲೋಮೀಟರ್’ ಅಂತ ಶುರು. ಸೂರ್ಯೋದಯಕ್ಕೆ ಕುಂತಿ ಬೆಟ್ಟ, ಹತ್ತು ಗಂಟೆಗೆ ತೊಣ್ಣೂರು ಕೆರೆ, ಮಧ್ಯಾಹ್ನಕ್ಕೆ ಮೇಲುಕೋಟೆ ಪುಳಿಯೋಗರೆ, ಸಂಜೆ ಕನ್ನಂಬಾಡಿ ಹಿನ್ನೀರಲ್ಲಿ ಡ್ರೋನು. ಕೊನೆಗೆ ‘ನಿಮ್ಮ ಗ್ಯಾಂಗನ್ನ ಟ್ಯಾಗ್ ಮಾಡಿ’. ಇದರ ನಡುವೆ ಎಲ್ಲಾದರೂ ಒಂದು ಕಡೆ, ಹಸಿರು ಗದ್ದೆ ಮೇಲೆ ಕ್ಯಾಮೆರಾ ತೇಲುವಾಗ, ಆ ಮಾತು ಬಂದೇ ಬರುತ್ತೆ: ‘ಇದು ಯುರೋಪ್ ಅಂದ್ಕೊಂಡ್ರಾ? ಅಲ್ಲ, ನಮ್ಮ ಮಂಡ್ಯ!’

ಕೊಡಗನ್ನ ಸ್ಕಾಟ್ಲೆಂಡ್ ಮಾಡಿದ್ದಾಯ್ತು, ಈಗ ಮಂಡ್ಯವನ್ನ ಫ್ರಾನ್ಸಿನ ಹಳ್ಳಿ ಮಾಡೋ ಸರದಿ. ಇರ್ಲಿ ಬಿಡಿ, ಹೊಗಳಿಕೆಯಲ್ಲಿ ಎಲ್ಲರಿಗೂ ಒಸಿ ಸಾಲ ಬೇಕಾಗುತ್ತೆ. ನನ್ನ ತಕರಾರು ಬೇರೆ. ಯುರೋಪ್ ಯುರೋಪ್ ಅಂತ ಕೂಗೋ ಈ ವಿಡಿಯೋಗಳಲ್ಲಿ ಆ ಊರಿನ ಹೆಸರೇ ಒಂದು ಕಾಲಕ್ಕೆ ‘ಫ್ರೆಂಚ್ ರಾಕ್ಸ್’ ಅಂತಿತ್ತು ಅನ್ನೋದು ಬರೋದು ಅಪರೂಪ. ಬಂದರೂ ಒಂದು ‘ಫನ್ ಫ್ಯಾಕ್ಟ್’ ಆಗಿ, ಹಿಂದೆ ಟುಣುಕ್ ಅನ್ನೋ ಸೌಂಡ್ ಸಮೇತ.

ಪಾಂಡವಪುರದ ಹಳೆ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಕೈಕೆಳಗಿದ್ದ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದದ್ದು ಇಲ್ಲಿನ ಬಂಡೆಗಳ ಮಗ್ಗುಲಲ್ಲಿ. ಹೆಸರಿನ ರೂಪ ನೋಡಿ, ಅದು ಇಂಗ್ಲಿಷಿನದು. ಅಲ್ಲಿದ್ದ ಫ್ರೆಂಚರು ತಮ್ಮ ಬಂಡೆಗೆ ತಾವೇ ‘ಫ್ರೆಂಚ್ ಬಂಡೆ’ ಅಂತ ಕರೆಯೋ ಸಂಭವ ಕಮ್ಮಿ; ಎದುರಾಳಿಗಳ ಬಾಯಲ್ಲಿ ಬಂದ ಹೆಸರು ಅದು. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಆಮೇಲೆ ಅದೇ ಜಾಗ ಬ್ರಿಟಿಷರ ದಂಡಿನ ಠಾಣ್ಯವಾಯ್ತು, ಸೋತವರ ಹೆಸರನ್ನ ಗೆದ್ದವರು ಉಳಿಸಿಕೊಂಡರು. ಆಮೇಲೆ ನಾವು ಕುಂತಿ, ಭೀಮ, ಬಕಾಸುರ ಎಲ್ಲರನ್ನೂ ಕರೆತಂದು ಪಾಂಡವಪುರ ಅಂದೆವು. ಒಂದೇ ಬಂಡೆಗೆ ಮೂರು ಹೆಸರು, ಮೂವರು ಮಾಲೀಕರು. ಇದಕ್ಕಿಂತ ಒಳ್ಳೆ ಕಥೆ ಬೇಕಾ ವ್ಲಾಗಿಗೆ? ಆದರೆ ಕುಂತಿ ಬೆಟ್ಟದ ಮೇಲೆ ತೋರಿಸೋದು ಟ್ರೆಕ್ಕಿಂಗ್ ಶೂ.

ಆ ಫ್ರೆಂಚರನ್ನ ನೋಡಲೇಬೇಕು ಅಂದ್ರೆ ದೂರ ಹೋಗಬೇಕಿಲ್ಲ. 1784ರ ದರಿಯಾ ದೌಲತ್‌ನ ಗೋಡೆ ಮೇಲೆ 1780ರ ಪೊಲ್ಲಿಲೂರು ಕಾಳಗದ ಚಿತ್ರ ಇದೆ. ಅದರಲ್ಲಿ ಟಿಪ್ಪುವಿನ ಕಡೆಯ ಫ್ರೆಂಚ್ ದಂಡಿನ ನಾಯಕ ಲಾಲಿ, ಕೈಯಲ್ಲಿ ದುರ್ಬೀನು ಹಿಡಿದು ಕೂತಿದ್ದಾನೆ. ನಾನು ನೋಡಿದ ರೀಲ್‌ಗಳಲ್ಲಿ ದರಿಯಾ ದೌಲತ್ ಹಾಜರಿ ಹಾಕಿದ್ದು ಹೊರಗಿನ ಹುಲ್ಲುಹಾಸಿನ ಮೂಲಕ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ ಅನ್ನೋದೊಂದು ಕಾರಣ ಇರಬಹುದು. ಆದರೆ ಬರೆಯೋಕೆ ಯಾರೂ ಅಡ್ಡಿ ಮಾಡಲ್ಲವಲ್ಲ.

ಈಗ ವಿಷಯಕ್ಕೆ ಬರ್ತೀನಿ. ಈ ಪ್ರಕಾರದ ಬರಹಕ್ಕೆ ಎರಡೇ ಖಾನೆ ಗೊತ್ತು: ‘ಹಿಸ್ಟರಿ’ ಮತ್ತು ‘ನೇಚರ್’. ದೇವಸ್ಥಾನ, ಕೋಟೆ ಒಂದರಲ್ಲಿ. ಕೆರೆ, ಹಕ್ಕಿ, ಗದ್ದೆ ಇನ್ನೊಂದರಲ್ಲಿ. ಬೇರೆ ಕಡೆ ಇದು ನಡೀಬಹುದೇನೋ, ನಮ್ಮ ಸೀಮೆಯಲ್ಲಿ ಮುಗ್ಗರಿಸುತ್ತೆ. ಯಾಕಂದ್ರೆ ಇಲ್ಲಿನ ‘ನೇಚರ್’ ಬಹುಪಾಲು ಮನುಷ್ಯನ ಕೈಕೆಲಸ.

ತೊಣ್ಣೂರು ಕೆರೆ ನೋಡಿ. ನೀರು ತಿಳಿ, ಸುತ್ತ ಬೆಟ್ಟ, ‘ವರ್ಜಿನ್ ಲೇಕ್’ ಅಂತ ಒಬ್ಬರು ಬರೆದಿದ್ದಾರೆ. ಸ್ವಾಮಿ, ಅದು ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ಕಟ್ಟಿದ ಕೆರೆ. ಸ್ಥಳಪುರಾಣ ಅದನ್ನ ರಾಮಾನುಜರ ಕಾಲಕ್ಕೆ ಒಯ್ಯುತ್ತೆ, ತಿರುಮಲಸಾಗರ ಅನ್ನುತ್ತೆ. ಹದಿನೆಂಟನೇ ಶತಮಾನದಲ್ಲಿ ಬಂದ ನಾಸಿರ್ ಜಂಗ್ ನೀರಿನ ಹೊಳಪು ನೋಡಿ ಮೋತಿ ತಲಾಬ್ ಅಂದ ಅಂತ ಗೆಜೆಟಿಯರ್‌ಗಳಲ್ಲಿದೆ. ಶತ್ರುಗಳಿಗೆ ನೀರು ಸಿಗಬಾರದು ಅಂತ ಟಿಪ್ಪು ಏರಿ ಒಡೆಸಿದ ಕಥೆಯೂ ಇದೆ. 1771ರ ಮಾರ್ಚ್‌ನಲ್ಲಿ ಮೇಲುಕೋಟೆಯಿಂದ ರಾತ್ರೋರಾತ್ರಿ ಪಟ್ಟಣದ ಕಡೆ ಹಿಂದೆ ಸರೀತಿದ್ದ ಹೈದರನ ಸೈನ್ಯವನ್ನ ಮರಾಠರು ಹಿಡಿದು ಚಚ್ಚಿದ್ದೂ ಈ ದಾರಿಯಲ್ಲೇ. ಇತಿಹಾಸದಲ್ಲಿ ಅದು ಚಿನಕುರಳಿ ಕದನ. ನಮ್ಮ ಹುಡುಗರು ಚಿನಕುರಳಿಯಲ್ಲಿ ನಿಲ್ಲಿಸೋದು ಟೀಗೆ. ಕೆರೆ ಪಕ್ಕದ ಊರಲ್ಲೇ ನಂಬಿನಾರಾಯಣ, ವೇಣುಗೋಪಾಲ, ಯೋಗಾನರಸಿಂಹ ಅಂತ ಗುಡಿಗಳಿವೆ. ಅಲ್ಲಿಗೆ ಹೋದವರಿಗಿಂತ ನೀರಿಗೆ ಇಳಿದವರೇ ಜಾಸ್ತಿ. ಈಜೋಕೆ ಹೋಗಿ ಬೆಂಗಳೂರಿನ, ಮೈಸೂರಿನ ಹುಡುಗರು ಪ್ರಾಣ ಕಳಕೊಂಡ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತೆ. ಏರಿ ಕಟ್ಟಿದ ಕೆರೆಯಲ್ಲಿ ದಡದಿಂದ ನಾಲ್ಕು ಹೆಜ್ಜೆಗೆ ಆಳ ಬದಲಾಗಬಹುದು ಅಂತ ಹೇಳೋದು ಇತಿಹಾಸ ಪಾಠ ಅಲ್ಲ, ಜೀವ ಉಳಿಸೋ ಮಾಹಿತಿ. ‘ವರ್ಜಿನ್’ ಅನ್ನೋ ಒಂದು ಪದ ಅದನ್ನ ಮುಚ್ಚಿಹಾಕುತ್ತೆ.

ರಂಗನತಿಟ್ಟೂ ಅಷ್ಟೇ. 1640ರ ದಶಕದಲ್ಲಿ ಕಾವೇರಿಗೆ ಕಟ್ಟೆ ಹಾಕಿದ್ದರಿಂದ ನಡುಗಡ್ಡೆಗಳಾದವು, ಅದರ ಮೇಲೆ ಹಕ್ಕಿ ಕೂತವು, 1940ರಲ್ಲಿ ಸಲೀಂ ಅಲಿ ಹೇಳಿ ಪಕ್ಷಿಧಾಮ ಆಯ್ತು, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರ್ತು. ಅಲ್ಲಿಗೆ ಮುಗೀತು.

ಇನ್ನು ಆ ‘ಯುರೋಪಿನಂಥ’ ಹಸಿರು ಗದ್ದೆ. ಅದಕ್ಕಿನ್ನೂ ನೂರು ವರ್ಷ ತುಂಬಿಲ್ಲ. ಕೃಷ್ಣರಾಜಸಾಗರದ ಕೆಲಸ ಶುರುವಾದದ್ದು 1911ರಲ್ಲಿ. ಅಲ್ಲಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ನಮ್ಮ ಬಾಯಲ್ಲಿ ವಿ.ಸಿ. ನಾಲೆ, ಹುಲಿಕೆರೆ ಹತ್ತಿರ ಗುಡ್ಡದ ಹೊಟ್ಟೆಯೊಳಗೆ ಸುರಂಗದಲ್ಲಿ ಹರಿದು ಈಚೆ ಬಂದ ಮೇಲೆಯೇ ಮಂಡ್ಯ ಹಸಿರಾದದ್ದು. ಅದಕ್ಕೂ ಮುಂಚೆ ಇದರಲ್ಲಿ ಬಹುಪಾಲು ರಾಗಿ ಬೆಳೆಯೋ ಬೆದ್ದಲು. ಅಣೆಕಟ್ಟಿನ ಮಟ್ಟ 124.80 ಅಡಿ ಮುಟ್ಟಿತಾ ಅಂತ ಬೆಳಗ್ಗೆದ್ದು ಪೇಪರ್ ನೋಡೋ ಜನ ನಾವು. ಜಲಾಶಯ ತುಂಬಿದ್ದಕ್ಕೆ ಹಳೆ ಕನ್ನಂಬಾಡಿ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯನ್ನ ಬಹಳ ವರ್ಷದ ಮೇಲೆ ಕಲ್ಲು ಕಲ್ಲು ಬಿಡಿಸಿ ಮೇಲೆ ತಂದು ಕಟ್ಟಿದರು. ಸಂಜೆಯ ಡ್ರೋನ್ ಹಾರೋದು ಅಲ್ಲೇ. ಗುಡಿ ಇಷ್ಟೊಂದು ಹೊಸದಾಗಿ ಯಾಕೆ ಕಾಣುತ್ತೆ ಅಂತ ಕೇಳೋ ಕುತೂಹಲ ಒಬ್ಬರಿಗೂ ಬಂದಂಗಿಲ್ಲ.

ಇಲ್ಲಿ ಸಿಟ್ಟು ಬರೋ ಒಂದು ಮಾತಿದೆ. ‘ಸೀನಿಕ್ ಕೆನಾಲ್ ಡ್ರೈವ್’ ಅಂತ ನಾಲೆ ಏರಿ ಮೇಲಿನ ರಸ್ತೆಯಲ್ಲಿ ಕಾರಿನ ಕಿಟಕಿಯಿಂದ ಕೈ ಹೊರಗೆ ಹಾಕಿ ತೆಗೆದ ವಿಡಿಯೋಗಳಿವೆ. ಸಂಗೀತ ಚೆನ್ನಾಗಿದೆ. 2018ರ ನವೆಂಬರ್ 24ರ ಶನಿವಾರ ಇದೇ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅವತ್ತೇ ರಾತ್ರಿ ಅಂಬರೀಶ್ ತೀರಿಕೊಂಡರು, ಮಾರನೇ ದಿನದ ಮುಖಪುಟದಲ್ಲಿ ಮಂಡ್ಯಕ್ಕೆ ಎರಡೆರಡು ಸಾವು. ಅದಾದ ಮೇಲೂ ನಾಲೆಗೆ ಕಾರು ಬಿದ್ದ ಸುದ್ದಿ ನಿಂತಿಲ್ಲ, ತಡೆಗೋಡೆ ಕೇಳೋದೂ ನಿಂತಿಲ್ಲ. ಆ ರಸ್ತೆಯನ್ನ ‘ಸೀನಿಕ್’ ಅಂದರೆ ತಪ್ಪಿಲ್ಲ, ಅದು ನಿಜಕ್ಕೂ ಚೆಂದ. ಆದರೆ ಅಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಬೇಜವಾಬ್ದಾರಿ ಬರಹ. ಲೈಕ್ ಒತ್ತಿದ ಹುಡುಗ ರಾತ್ರಿ ಹನ್ನೊಂದಕ್ಕೆ ಅದೇ ರಸ್ತೆಗೆ ಬೈಕ್ ತಂದರೆ?

ಬೇಬಿ ಬೆಟ್ಟದ ಬಗ್ಗೆಯಂತೂ ಪೂರ್ತಿ ಮೌನ. ಕುಂತಿ ಬೆಟ್ಟದ ಬಂಡೆ ಲಕ್ಷಾಂತರ ಸಾರಿ ಫೋಟೋ ಆಗುತ್ತೆ, ಅದೇ ತಾಲ್ಲೂಕಿನ ಬೇಬಿ ಬೆಟ್ಟದ ಬಂಡೆ ಜಲ್ಲಿ ಆಯ್ತು. ಕಲ್ಲು ಗಣಿಯ ಸಿಡಿತದಿಂದ ಅಣೆಕಟ್ಟಿಗೆ ಅಪಾಯ ಅಂತ ವರ್ಷಗಟ್ಟಲೆ ಜಗಳ ನಡೆದು, 2024ರ ಜನವರಿಯಲ್ಲಿ ಹೈಕೋರ್ಟು ಕೆ.ಆರ್.ಎಸ್. ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆ ಬೆಟ್ಟದ ಬುಡದಲ್ಲಿ ಪ್ರತಿವರ್ಷ ದನಗಳ ಜಾತ್ರೆ ಸೇರುತ್ತೆ. ಹಳ್ಳಿಕಾರ್ ಜೋಡಿಗಳಿಗೆ ಕೊಂಬಿಗೆ ಬಣ್ಣ, ಕೊರಳಿಗೆ ಹೂವು ಹಾಕಿ ಮೆರವಣಿಗೆ ಮಾಡ್ಕೊಂಡು ಬರೋದನ್ನ ನೋಡಬೇಕು ನೀವು. ಬಂಡೆ, ದನ, ನೀರು, ಕೋರ್ಟು ಎಲ್ಲ ಒಂದೇ ಕಡೆ. ಇದನ್ನ ಬಿಟ್ಟು ಹೋಗೋ ಪ್ರವಾಸ ಬರಹಕ್ಕೆ ಏನು ಅನ್ನೋಣ?

ನಮ್ಮ ಕ್ಯಾತನಹಳ್ಳಿ ಯಾವ ಪಟ್ಟಿಯಲ್ಲೂ ಇಲ್ಲ, ಇರಬೇಕಾದ್ದೂ ಇಲ್ಲ. ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರ ಊರು ಅಂತ ಹೊರಗಿನವರಿಗೆ ಪರಿಚಯ. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಹಸಿರು ಶಾಲುಗಳು ಸುತ್ತಲ ರಸ್ತೆ ತುಂಬಿದ್ದವು. ರಜಕ್ಕೆ ಹೋದಾಗ ಚಿಕ್ಕಪ್ಪನಿಗೆ ಒಂದು ತೊಣ್ಣೂರು ರೀಲ್ ತೋರಿಸಿದೆ. ‘ಅಲ್ಲ ಕಣ್ಲಾ, ನೀರ್ ನೋಡಕ್ಕೆ ಅಷ್ಟ್ ದೂರದಿಂದ ಬತ್ತಾರಾ? ಅವರೂರಲ್ಲಿ ನೀರಿಲ್ವಾ?’ ಅಂದರು. ಬೆಂಗಳೂರಿನ ನಲ್ಲಿಗೆ ಬರೋದು ಇದೇ ಕಾವೇರಿ ಅಂತ ನೆನಪಾಗಿ ಸುಮ್ಮನಾದೆ.

ಹಾಗಾದರೆ ಫ್ರಾನ್ಸಿನಲ್ಲಿ ಏನು ನೋಡ್ತಾರೆ? ಹೋಲಿಕೆ ಎತ್ತಿದವರು ಅವರೇ ಆದ್ದರಿಂದ ಹೇಳ್ತೀನಿ. ಆಫೀಸ್ ಕೆಲಸಕ್ಕೆ ತುಲೂಸ್‌ಗೆ ಹೋದವರು ವಾರಾಂತ್ಯದಲ್ಲಿ ಸೈಕಲ್ ಬಾಡಿಗೆಗೆ ತಗೊಂಡು ಹೋಗೋ ಜಾಗ ಒಂದಿದೆ: ಕನಾಲ್ ದ್ಯು ಮಿದಿ. ಅದೊಂದು ನಾಲೆ! ಪಿಯರ್ ಪೋಲ್ ರಿಕೆ ಅನ್ನೋನ ಮುಂದಾಳತ್ವದಲ್ಲಿ 1666ರಿಂದ 1681ರವರೆಗೆ ತೋಡಿದ್ದು, ಸುಮಾರು 240 ಕಿಲೋಮೀಟರ್ ಉದ್ದ, 1996ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದು. ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಇಲ್ಲಿ ಚಿಕ್ಕದೇವರಾಜ ಒಡೆಯರು (1673–1704) ಕಾವೇರಿಯಿಂದ ನಾಲೆ ತೋಡಿಸಿದರು, ಸಿ.ಡಿ.ಎಸ್. ನಾಲೆ ಅಂತ ಇವತ್ತಿಗೂ ಹರೀತಿದೆ, ಗದ್ದೆಗೆ ನೀರುಣಿಸ್ತಿದೆ. ಫ್ರಾನ್ಸಿನ ನಾಲೆಯಲ್ಲಿ ಸರಕು ದೋಣಿಗಳ ಕಾಲ ಮುಗಿದು ಈಗ ವಿಹಾರದ ದೋಣಿ. ನಮ್ಮದಕ್ಕೆ ಇನ್ನೂ ಡ್ಯೂಟಿ ಮುಗಿದಿಲ್ಲ. ಅಲ್ಲಿನ ಪ್ರವಾಸಿ ಕೈಪಿಡಿಗಳು ನಾಲೆಗೆ ನೀರು ಎಲ್ಲಿಂದ ಬರುತ್ತೆ, ತೂಬಿನ ಬಾಗಿಲು ಹೇಗೆ ಕೆಲಸ ಮಾಡುತ್ತೆ, ದಡದ ಮರಗಳು ಯಾವ ಶಿಲೀಂಧ್ರದಿಂದ ಸಾವಿರಗಟ್ಟಲೆ ಸಾಯ್ತಿವೆ ಅಂತೆಲ್ಲ ಬರೀತವೆ. ಜನ ಬೇಜಾರಿಲ್ಲದೆ ಓದ್ತಾರೆ. ಫ್ರಾನ್ಸ್ ಸ್ವರ್ಗ ಅಂತೇನೂ ನಾನು ಹೇಳ್ತಿಲ್ಲ. ಅಲ್ಲಿನ ಎಷ್ಟೋ ಚೆಂದದ ಹಳ್ಳಿಗಳಲ್ಲಿ ಚಳಿಗಾಲಕ್ಕೆ ದೀಪ ಹಚ್ಚೋಕೂ ಜನ ಇಲ್ಲ, ಮನೆಗಳೆಲ್ಲ ಪಟ್ಟಣದವರ ರಜಾಮನೆ. ಆದರೆ ಸಾಲ ತರೋದೇ ಆದರೆ ಹೆಸರು ಬಿಟ್ಟು ಆ ಕುತೂಹಲ ತರಬಹುದಿತ್ತು.

ಕುತೂಹಲ ನಮಗೇನು ಹೊಸದಲ್ಲ. ಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಬುಕಾನನ್ ಅನ್ನೋ ವೈದ್ಯ ಈ ಸೀಮೆ ಸುತ್ತಿದ. ತೊಣ್ಣೂರು, ಮೇಲುಕೋಟೆ ಎರಡೂ ಅವನ ದಾರಿಯಲ್ಲಿದ್ದವು. ಕಂಪನಿ ಸರ್ಕಾರ ಕಳಿಸಿದ್ದು ಕಂದಾಯದ ಆಸೆಗೆ, ಅದರಲ್ಲಿ ಅನುಮಾನ ಬೇಡ. ಆದರೂ ಮಣ್ಣು ಎಂಥದು, ಎಷ್ಟು ಸಾರಿ ಉಳ್ತಾರೆ, ಏರಿ ಎಷ್ಟು ಎತ್ತರ ಅಂತ ಆಸಾಮಿ ಕೇಳಿ ಕೇಳಿ ಬರೆದುಕೊಂಡ. ಇನ್ನೂರು ಚಿಲ್ಲರೆ ವರ್ಷದ ಮೇಲೂ ನಮ್ಮ ಸೀಮೆ ಹೇಗಿತ್ತು ಅಂತ ತಿಳಿಯೋಕೆ ಅವನ ಪುಸ್ತಕ ತೆಗೀಬೇಕು. ನಮ್ಮ ಇವತ್ತಿನ ರೀಲ್ ನೋಡಿ ಮುಂದಿನವರಿಗೆ ತಿಳಿಯೋದು ಕಪ್ಪು ಕೂಲಿಂಗ್ ಗ್ಲಾಸ್ ಫ್ಯಾಶನ್ನಲ್ಲಿತ್ತು ಅನ್ನೋದು.

ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆ ಆದ ಮೇಲೆ ಈ ಸಮಸ್ಯೆ ದಪ್ಪ ಆಯ್ತು. ದಾರಿ ಅನ್ನೋದೇ ಮಾಯ. ಅದೇ ವರ್ಷ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು, ಕೆ.ಆರ್. ಪೇಟೆ ಪಕ್ಕದ ಹೊಸಹೊಳಲು ಲಕ್ಷ್ಮೀನಾರಾಯಣ ಗುಡಿ ಸೇರಲಿಲ್ಲ. ಸೇರದೇ ಇದ್ದದ್ದು ಒಳ್ಳೇದೇ ಆಯ್ತು ಅನ್ನೋ ದುರಾಸೆ ನನ್ನಲ್ಲಿದೆ. ಹದಿಮೂರನೇ ಶತಮಾನದ ಆ ಗೋಡೆಯ ಮುಂದೆ ಒಂದು ಗಂಟೆ ಯಾರೂ ಅಡ್ಡ ಬರದೇ ನಿಲ್ಲಬಹುದು, ಪಕ್ಕದ ಮನೆಯ ರೇಡಿಯೋ ಕೇಳಿಸ್ತಾ ಇರುತ್ತೆ.

ನೋಡಿದ್ದರಲ್ಲಿ ಒಂದು ವಿಡಿಯೋ ಮಾತ್ರ ಮನಸ್ಸಿಗೆ ಬಂತು. ಮಾಡಿದ ಹುಡುಗಿಗೆ ಕ್ಯಾಮೆರಾ ಹಿಡಿಯೋಕೂ ಸರಿಯಾಗಿ ಬರಲ್ಲ, ಗಾಳಿ ಸದ್ದಿಗೆ ಅರ್ಧ ಮಾತು ಕೇಳಿಸಲ್ಲ. ತೂಬಿನ ಹತ್ತಿರ ಒಬ್ಬ ನೀರುಗಂಟಿಯನ್ನ ನಿಲ್ಲಿಸಿಕೊಂಡು ಮಾತಾಡಿಸ್ತಾಳೆ. ಕಟ್ಟು ಪದ್ಧತಿ ಅಂದ್ರೇನು, ನೀರು ಬಿಟ್ಟ ದಿನ ಮೇಲಿನ ಗದ್ದೆಯವನು ಅಡ್ಡ ಕಟ್ಟಿದರೆ ಕೊನೆ ಗದ್ದೆಯವನು ರಾತ್ರಿ ಟಾರ್ಚ್ ಹಿಡಿದು ಯಾಕೆ ಬರ್ತಾನೆ, ಅವನನ್ನ ಹೇಗೆ ಸಮಾಧಾನ ಮಾಡಬೇಕು ಅಂತ ಆಯಪ್ಪ ನಿಧಾನವಾಗಿ ಹೇಳ್ತಾನೆ. ಹಿಂದೆ ಕಬ್ಬು ಅಲ್ಲಾಡ್ತಿದೆ, ದೂರದಲ್ಲಿ ಆಲೆಮನೆ ಹೊಗೆ. ‘ನಿಮಗೆ ಈ ಜಾಗದಲ್ಲಿ ಯಾವುದು ಚೆಂದ ಅನ್ಸುತ್ತೆ?’ ಅಂತ ಕೊನೆಗೆ ಅವಳು ಕೇಳಿದಾಗ ಅವನು ಬೆಟ್ಟದ ಕಡೆ ತಿರುಗಲ್ಲ, ಕೆರೆ ಕಡೆ ತಿರುಗಲ್ಲ. ಬಗ್ಗಿ ತೂಬಿನ ಬಾಯಿಗೆ ಸಿಕ್ಕಿಕೊಂಡಿದ್ದ ಬಿಸ್ಲೇರಿ ಬಾಟಲನ್ನ ಕಿತ್ತು ದಡಕ್ಕೆ ಎಸೆದು, ನೀರು ಓಡೋದನ್ನ ಸ್ವಲ್ಪ ಹೊತ್ತು ನೋಡಿ, ‘ಈಗ ಚೆಂದಾಗದೆ’ ಅಂತಾನೆ.