ಮೊಟ್ಟೆಗೆ ಬಾಲ ಬಿಡಿಸುವುದು ಪಾಪವೇನಲ್ಲ

ಒಂದು ಮೊಟ್ಟೆ ಬರಿ. ಹಿಂದೆ ಉದ್ದಕ್ಕೆ ಬಾಲ ಎಳಿ. ಬಾಲದ ತುದಿಗೆ ಗುಣಾಕಾರದ ಗುರುತು. ನೆತ್ತಿಯ ಮೇಲೊಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಎಡಕ್ಕೂ ಬಲಕ್ಕೂ ರೆಕ್ಕೆ. ಕೆಳಗೆ ಎರಡು ಕಾಲು, ಕಾಲಡಿಗೆ ಒಂದು ಅಡ್ಡಗೆರೆ. ಹೆಲಿಕಾಪ್ಟರ್ ಸಿದ್ಧ. ಶಾಲೆಯ ಕರಿಹಲಗೆಯ ಮೇಲೂ ಇದೇ, ಅಮ್ಮನ ಮೊಬೈಲಿನ ಯೂಟ್ಯೂಬ್‌ನಲ್ಲೂ ಇದೇ. ಮೂತಿ ಬಹುಪಾಲು ಎಡಕ್ಕೇ ಇರುತ್ತದೆ. ಬಲಗೈಯವರಿಗೆ ಹಾಗೆ ಬರೆಯುವುದು ಸಲೀಸು.

ಶಿಕ್ಷಣದ ಬಗ್ಗೆ ಒಂದಿಷ್ಟು ಓದಿಕೊಂಡವರಿಗೆ ಈ ಮೊಟ್ಟೆಯನ್ನು ಕಂಡರೆ ಆಗುವುದಿಲ್ಲ. ಮಕ್ಕಳಿಗೆ ಚಿತ್ರ ಬಿಡಿಸಿ ತೋರಿಸಬಾರದು, ತೋರಿಸಿದರೆ ಅವರ ಕಲ್ಪನೆ ಅಲ್ಲಿಗೆ ಸತ್ತಿತು ಎನ್ನುವುದು ಈಗ ಸಭೆ ಸಮಾರಂಭಗಳಲ್ಲಿ ಯಾರೂ ಮರುಪ್ರಶ್ನೆ ಹಾಕದ ಮಾತು. ನನಗೆ ಇದು ಒಪ್ಪಿಗೆಯಿಲ್ಲ. ತೋರಿಸುವುದು ತಪ್ಪಲ್ಲ. ಒಂದನ್ನೇ ತೋರಿಸಿ ಕೈತೊಳೆದುಕೊಳ್ಳುತ್ತೇವಲ್ಲ, ತಪ್ಪಿರುವುದು ಅಲ್ಲಿ.

ಈ ನಂಬಿಕೆಯ ತವರು ವಿಯೆನ್ನಾ. ಅಲ್ಲಿ 1897ರಲ್ಲಿ ಫ್ರಾಂಜ್ ಚಿಜೆಕ್ ಮಕ್ಕಳಿಗಾಗಿ ಕಲಾತರಗತಿ ತೆರೆದರು. ಮಕ್ಕಳನ್ನು ಅವರ ಪಾಡಿಗೆ ಬೆಳೆಯಲು ಬಿಡಬೇಕು ಎಂಬುದು ಅವರ ನಿಲುವು. ಆದರೆ ಆ ತರಗತಿಯ ಚಿತ್ರಗಳನ್ನು ಜೋಡಿಸಿಟ್ಟು ನೋಡಿದ ಮುಂದಿನ ವಿಮರ್ಶಕರಿಗೆ ಕಂಡದ್ದು ಎಲ್ಲದರಲ್ಲೂ ಒಂದೇ ಬಗೆಯ ಅಲಂಕಾರ. ಮೇಷ್ಟ್ರು ಬಾಯಿ ಬಿಟ್ಟು ಕಲಿಸದಿದ್ದರೂ ಮಕ್ಕಳು ಮೇಷ್ಟ್ರ ರುಚಿಯನ್ನು ಕಲಿತಿದ್ದರು. ಆಸ್ಟ್ರಿಯಾದಲ್ಲೇ ಹುಟ್ಟಿ ಅಮೆರಿಕ ಸೇರಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರ ತಮ್ಮ ಪುಸ್ತಕದಲ್ಲಿ ತೋರಿಸಬಾರದೆಂಬ ವಾದಕ್ಕೆ ಶಾಸ್ತ್ರದ ಬಲ ಕೊಟ್ಟರು. ಅವರ ಒಂದು ಉದಾಹರಣೆ ಬಲು ಪ್ರಸಿದ್ಧ. ಮಗು ಮೊದಲು ತನ್ನದೇ ರೀತಿಯಲ್ಲಿ ಹಕ್ಕಿ ಬರೆಯುತ್ತದೆ. ಆಮೇಲೆ ಅಭ್ಯಾಸಪುಸ್ತಕದ ಅಚ್ಚಿನ ಹಕ್ಕಿಯನ್ನು ನಕಲು ಮಾಡುತ್ತದೆ. ಅಲ್ಲಿಂದ ಮುಂದೆ ಅದು ಬರೆದದ್ದೆಲ್ಲ ಆ ಅಚ್ಚಿನ ಹಕ್ಕಿಯೇ. ಇಡೀ ವಾದಕ್ಕೆ ಈ ಹಕ್ಕಿಯೇ ಸಾಕ್ಷಿ. ಆದರೆ ಆ ಮಗುವಿಗೆ ಕೊಟ್ಟದ್ದು ಒಂದೇ ಹಕ್ಕಿ ಎಂಬುದನ್ನು ಯಾಕೆ ಯಾರೂ ಗಮನಿಸುವುದಿಲ್ಲ? ಕಾಗೆ, ಕೊಕ್ಕರೆ, ಗೂಬೆ ಎಂದು ಹತ್ತನ್ನು ಕೊಟ್ಟಿದ್ದರೆ ಏನಾಗುತ್ತಿತ್ತು?

ಉತ್ತರದ ಒಂದು ತುದಿ 1977ರಲ್ಲಿ ಸಿಕ್ಕಿತು. ಅಮೆರಿಕದ ಸಂಶೋಧಕರಾದ ಬ್ರೆಂಟ್ ವಿಲ್ಸನ್ ಮತ್ತು ಮಾರ್ಜರಿ ವಿಲ್ಸನ್ ದಂಪತಿ ಹರೆಯದ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು, ಈ ಚಿತ್ರ ನಿನಗೆ ಎಲ್ಲಿಂದ ಬಂತು ಎಂದು ಒಂದೊಂದಾಗಿ ಕೇಳಿದರು. ಹೆಚ್ಚುಕಡಿಮೆ ಎಲ್ಲಕ್ಕೂ ಒಂದು ಮೂಲ ಇತ್ತು: ಕಾಮಿಕ್ಸ್, ಟಿವಿ, ಫೋಟೊ, ಅಣ್ಣನೋ ಗೆಳೆಯನೋ ಬರೆದದ್ದು. ಚೆನ್ನಾಗಿ ಬರೆಯುವವರು ಕಡ ತಂದವರೇ, ಅದೂ ನಾಲ್ಕಾರು ಕಡೆಯಿಂದ.

ಇದನ್ನು ತಿಳಿಯಲು ನಮಗೆ ಅಮೆರಿಕದ ಪ್ರಬಂಧವೇ ಬೇಕಿರಲಿಲ್ಲ. ಚುಕ್ಕಿ ರಂಗೋಲಿಯನ್ನು ಯಾವ ಹುಡುಗಿಯೂ ತನಗೆ ತೋಚಿದಂತೆ ಕಲಿಯಲಿಲ್ಲ. ಏಳರಿಂದ ನಾಲ್ಕಕ್ಕೆ ಸಂದು ಚುಕ್ಕಿ ಇಡು, ಇಲ್ಲಿಂದ ಎಳೆ ತಿರುಗಿಸು ಎಂದು ಅಜ್ಜಿಯೋ ಅಮ್ಮನೋ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಹಾಕಿದಳು. ಪಕ್ಕದ ಮನೆಯ ರಂಗೋಲಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ನಲವತ್ತು ಕೈಗೆ ಬಂದ ಮೇಲೆ ನಲವತ್ತೊಂದನೆಯದನ್ನು ತಾನೇ ಕಟ್ಟಿದಳು. ಇದರಿಂದ ಅವಳ ಕಲ್ಪನೆ ಸತ್ತಿತೆಂದು ಯಾರೂ ಅತ್ತದ್ದನ್ನು ನಾನು ಕಾಣೆ.

ಇಷ್ಟಕ್ಕೂ ತೋರಿಸು ಎಂದು ಕೇಳುವುದು ಮಗುವೇ. ಎರಡು ಮೂರು ವರ್ಷದ್ದು ಗೀಚುತ್ತಿದ್ದರೆ ಅದರ ಕೈ ಹಿಡಿಯಲು ಹೋಗಬೇಡಿ, ಅಲ್ಲಿ ಚಿಜೆಕ್ ಹೇಳಿದ್ದೇ ಸರಿ. ಆದರೆ ಐದಾರು ವರ್ಷದ ಮಗು ಪೆನ್ಸಿಲ್ ಹಿಡಿದು ಬಂದು "ಅಪ್ಪಾ, ಹೆಲಿಕಾಪ್ಟರ್ ಬರೆದುಕೊಡು" ಅಂದಾಗ, "ನಿಂಗೆ ಹೇಗೆ ಬರುತ್ತೋ ಹಾಗೆ ಬರಿ ಪುಟ್ಟಾ" ಎನ್ನುವುದು ಉದಾರತನವಲ್ಲ. ಹೇಗೆ ಬರುತ್ತೋ ಹಾಗೆ ಬರೆದು, ಸಾಲದೆನಿಸಿದ್ದಕ್ಕೇ ಅದು ನಿಮ್ಮ ಬಳಿ ಬಂದಿದೆ.

ಬಿಟ್ಟುಬಿಡಿ ಎನ್ನುವವರು ಫ್ರಾನ್ಸಿನ ಲ್ಯೂಕೆಯ ಹೆಸರನ್ನೂ ಎತ್ತುತ್ತಾರೆ. ಮಗು ಕಂಡದ್ದನ್ನಲ್ಲ, ತಿಳಿದದ್ದನ್ನು ಬರೆಯುತ್ತದೆ ಎಂದು 1927ರಲ್ಲಿ ವಿವರಿಸಿದವರು ಅವರು. ಅದಕ್ಕೇ ಮಗುವಿನ ಚಿತ್ರದಲ್ಲಿ ಗೋಡೆಯ ಆಚೆ ಕೂತವರೂ ಕಾಣುತ್ತಾರೆ; ಹೆಲಿಕಾಪ್ಟರಿನ ಮೈಯನ್ನು ಪಕ್ಕದಿಂದ ಬರೆದ ಮಗುವೇ ಫ್ಯಾನನ್ನು ಮೇಲಿನಿಂದ ನೋಡಿದಂತೆ ದುಂಡಗೆ ಸುತ್ತಿಬಿಡುತ್ತದೆ. (ತಿರುಗುವ ರೆಕ್ಕೆ ಕಣ್ಣಿಗೆ ತಟ್ಟೆಯಂತೆಯೇ ಕಾಣುವುದು. ಅದನ್ನು ಅಳಿಸಿ ಎರಡು ಗೆರೆ ಹಾಕಿಸುವ ದೊಡ್ಡವರು ಯಾವ ಸತ್ಯವನ್ನು ಕಾಪಾಡುತ್ತಿದ್ದಾರೋ ತಿಳಿಯದು.) ಸರಿ, ತಿಳಿದದ್ದನ್ನೇ ಬರೆಯುವುದಾದರೆ ನಮ್ಮ ಕೆಲಸ ತಿಳಿಸುವುದು ತಾನೆ?

ತಿಳಿಸಲು ಹೆಲಿಕಾಪ್ಟರಿಗಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. ಮಕ್ಕಳ ಚಿತ್ರದಲ್ಲಿ ಗುಡ್ಡಗಳ ನಡುವೆ ಸೂರ್ಯ ಯಾಕಿದ್ದಾನೆ ಎಂದರೆ ಉತ್ತರವಿಲ್ಲ. ಬಾಲದ ಫ್ಯಾನು ಯಾಕಿದೆ ಎಂದರೆ ಇದೆ. ಎಂಜಿನ್ನು ಮೇಲಿನ ರೆಕ್ಕೆಯನ್ನು ಒಂದು ಕಡೆಗೆ ತಿರುಗಿಸಿದರೆ ಹೆಲಿಕಾಪ್ಟರಿನ ಮೈ ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ, ಬಾಲದ ಫ್ಯಾನು ಅದನ್ನು ತಡೆಯುತ್ತದೆ. ಮಗುವನ್ನು ತಿರುಗುವ ಕುರ್ಚಿಯಲ್ಲಿ ಕಾಲು ನೆಲಕ್ಕೆ ತಾಗದಂತೆ ಕೂರಿಸಿ, ಕೈಗೆ ಶಾಲೆಯ ಚೀಲ ಕೊಟ್ಟು ಒಂದು ಪಕ್ಕಕ್ಕೆ ಬೀಸಲು ಹೇಳಿ. ಕುರ್ಚಿ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಆಮೇಲೆ ಆ ಮಗು ಬಾಲದ ಫ್ಯಾನನ್ನು ಮರೆಯುವುದಿಲ್ಲ.

ಮತ್ತೆ ಚಿನೂಕ್ ತೋರಿಸಿ. ನಮ್ಮ ವಾಯುಪಡೆಗೆ 2019ರಲ್ಲಿ ಸೇರಿದ ಈ ದೈತ್ಯನಿಗೆ ಹಿಂದೊಂದು ಮುಂದೊಂದು ದೊಡ್ಡ ಫ್ಯಾನು. ಎರಡೂ ಒಂದಕ್ಕೊಂದು ಎದುರು ದಿಕ್ಕಿಗೆ ತಿರುಗುವುದರಿಂದ ಬಾಲದ ಫ್ಯಾನೇ ಬೇಡ. ನೌಕಾಪಡೆಯ ಕಾಮೋವ್‌ನಲ್ಲಿ ಎರಡೂ ಒಂದೇ ಕಂಬದ ಮೇಲೆ, ಒಂದರ ಕೆಳಗೊಂದು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಚೇತಕ್‌ಗೆ ಮೂರು ರೆಕ್ಕೆ. ಅಲ್ಲಿಯೇ ವಿನ್ಯಾಸಗೊಂಡು 1992ರಲ್ಲಿ ಮೊದಲು ಹಾರಿದ ಧ್ರುವಕ್ಕೆ ನಾಲ್ಕು, ರಷ್ಯಾದ ಎಂಐ-17ಕ್ಕೆ ಐದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೇ ಉದ್ಘಾಟನೆಯಾದ ನಾಡಿನಲ್ಲಿ ಮಕ್ಕಳು ಕಲಿಯುವುದು ಎರಡು ರೆಕ್ಕೆಯ ಮೊಟ್ಟೆಯೊಂದನ್ನೇ ಎಂದರೆ ಸೋಮಾರಿತನ ಮೊಟ್ಟೆಯದಲ್ಲ.

ಮೊಟ್ಟೆ ಕೊಡದ ಇನ್ನೊಂದು ಸಂಗತಿಯಿದೆ. ಚುನಾವಣೆ ಬಂದರೆ ಎಷ್ಟೋ ಊರುಗಳಲ್ಲಿ ಶಾಲೆಯ ಮೈದಾನವೇ ಹೆಲಿಪ್ಯಾಡು. ಸುಣ್ಣದಲ್ಲಿ ಬರೆದ ದೊಡ್ಡ ಅಕ್ಷರ, ಎದ್ದ ಧೂಳು, ಹಾರಿಹೋದ ಟೋಪಿ, ಲಾಠಿ ಹಿಡಿದು ಓಡುವ ಪೊಲೀಸರು, ಕಿವಿ ಮುಚ್ಚಿಕೊಂಡೇ ಕಣ್ಣರಳಿಸಿ ನಿಂತ ಮಕ್ಕಳು. ಮಾರನೆಯ ದಿನ ಚಿತ್ರದ ತರಗತಿಯಲ್ಲಿ ಇದರ ಸುಳಿವೇ ಇರುವುದಿಲ್ಲ. ಖಾಲಿ ಹಾಳೆಯ ನಡುವೆ ಮತ್ತದೇ ಎಡಕ್ಕೆ ಮೂತಿಯ ಮೊಟ್ಟೆ, ಕೆಂಪು ಬಣ್ಣ, ಹತ್ತಕ್ಕೆ ಎಂಟು. ಬಣ್ಣ ಗೆರೆ ದಾಟಿದವನಿಗೆ ಆರು. ಹೆಲಿಕಾಪ್ಟರ್ ಬರೆಯಲು ಕಲಿತ ಕೈ ಆ ಧೂಳನ್ನೂ ಬರೆಯಬಲ್ಲದು. ಬರೆಯಲು ಯಾರೂ ಹೇಳಲಿಲ್ಲ, ಅಷ್ಟೇ.

ಆದ್ದರಿಂದ ಮೇಷ್ಟ್ರಲ್ಲಿ, ಅಪ್ಪ ಅಮ್ಮಂದಿರಲ್ಲಿ ನನ್ನ ಕೇಳಿಕೆ ಇಷ್ಟು. ಮಗು ಕೇಳಿದಾಗ ಧಾರಾಳವಾಗಿ ಬರೆದು ತೋರಿಸಿ, ನಿಮ್ಮ ಗೆರೆ ಸೊಟ್ಟಗಿದ್ದರೂ ಚಿಂತೆಯಿಲ್ಲ. ಆ ವಾರದಲ್ಲೇ ಬೇರೆ ನಮೂನೆಯ ಇನ್ನೆರಡನ್ನು ತೋರಿಸಿ. ಒಂದು ಎರಡನೇ ತರಗತಿಯ ಚಿತ್ರಗಳಿಗೆ ಅಂಕ ಹಾಕುವುದನ್ನು ಈ ವರ್ಷದಿಂದಲೇ ನಿಲ್ಲಿಸಿ.