ಇಬ್ಬರ ನಡುವೆ ಬಿದ್ದ ಶಟಲ್

ಪ್ರಕಾಶ್ ಪಡುಕೋಣೆಯವರ ಕಥೆಯನ್ನು ಬೆಂಗಳೂರಿನಲ್ಲಿ ಯಾರು ಬೇಕಾದರೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಕೆನರಾ ಯೂನಿಯನ್ನಿನ ಮದುವೆ ಹಾಲ್, ಸಮಾರಂಭ ಇಲ್ಲದ ದಿನ ಅಲ್ಲೇ ಅಭ್ಯಾಸ, 1980ರ ಆಲ್ ಇಂಗ್ಲೆಂಡ್ ಫೈನಲ್, ಎದುರಿಗೆ ಲಿಮ್ ಸ್ವೀ ಕಿಂಗ್. ಒಬ್ಬ ಹುಡುಗ, ಒಂದು ಹಟ, ಒಂದು ಗೆಲುವು. ನಾವು ಕ್ರೀಡಾ ಜೀವನಕಥೆ ಎಂದು ಕರೆಯುವ ಪ್ರಕಾರ ನಿಂತಿರುವುದೇ ಈ ಏಕವಚನದ ಮೇಲೆ.

ಅದೇ ಬೆಂಗಳೂರಿನಲ್ಲಿ 1989ರಲ್ಲಿ ಹುಟ್ಟಿದ, ಕೊಡವ ಮನೆತನದ ಅಶ್ವಿನಿ ಪೊನ್ನಪ್ಪ ಅವರ ಕಥೆಯನ್ನು ಬರೆಯಲು ಕೂತಾಗ ನನಗೆ ಮೊದಲ ವಾಕ್ಯದಲ್ಲೇ ತೊಡಕಾಯಿತು. ‘2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಅಶ್ವಿನಿ ಚಿನ್ನ ಗೆದ್ದರು’ ಎಂದು ಬರೆದು ಹೊಡೆದುಹಾಕಿದೆ. ಗೆದ್ದದ್ದು ಅಶ್ವಿನಿ ಮತ್ತು ಜ್ವಾಲಾ ಗುಟ್ಟಾ. ‘ಅವರು ಗೆದ್ದರು’ ಎಂದರೆ ಆ ‘ಅವರು’ ಒಬ್ಬರಿಗೆ ಕೊಟ್ಟ ಗೌರವವೋ, ಇಬ್ಬರ ಬಹುವಚನವೋ ಗೊತ್ತಾಗುವುದಿಲ್ಲ. ಸಂಸ್ಕೃತಕ್ಕಿರುವ ದ್ವಿವಚನ ಕನ್ನಡಕ್ಕೆ ಬೇಕಾಗಿಲ್ಲ, ನಿಜ. ಡಬಲ್ಸ್ ಆಟಗಾರ್ತಿಯ ಬಗ್ಗೆ ಬರೆಯುವಾಗ ಮಾತ್ರ ಅದೊಂದು ಇದ್ದಿದ್ದರೆ ಅನ್ನಿಸಿತು.

ಭಾನುವಾರ ಬೆಳಿಗ್ಗೆ ನಾಲ್ವರು ಸೇರಿ ಆಡುವ ಅಭ್ಯಾಸ ನನಗಿದೆ. ನಮ್ಮ ಮಟ್ಟದಲ್ಲಿ ಜಗಳವೆಲ್ಲ ಒಂದೇ ವಿಷಯಕ್ಕೆ: ಇಬ್ಬರ ನಡುವೆ ಬಿದ್ದ ಶಟಲ್ ಯಾರದು? ಇಬ್ಬರೂ ನೋಡುತ್ತಾ ನಿಂತಿರುತ್ತೇವೆ, ಅದು ನೆಲಕ್ಕೆ ಬೀಳುತ್ತದೆ, ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತೇವೆ. ಸಿಂಗಲ್ಸ್ ಅಂಕಣ 17 ಅಡಿ ಅಗಲ, ಡಬಲ್ಸ್‌ನದು 20. ಮೂರೇ ಅಡಿ ಹೆಚ್ಚು ಜಾಗಕ್ಕೆ ಇನ್ನೊಬ್ಬ ಮನುಷ್ಯ! ಹಾಗಾಗಿ ಡಬಲ್ಸ್‌ನಲ್ಲಿ ಓಟಕ್ಕಿಂತ ಜಾಗ ಬಿಟ್ಟುಕೊಡುವುದೇ ದೊಡ್ಡ ವಿದ್ಯೆ. ದಾಳಿ ಮಾಡುವಾಗ ಒಬ್ಬರು ಮುಂದೆ ಒಬ್ಬರು ಹಿಂದೆ, ರಕ್ಷಣೆಗೆ ಇಳಿದಾಗ ಅಕ್ಕಪಕ್ಕ. ಒಂದೇ ರ‍್ಯಾಲಿಯಲ್ಲಿ ಈ ಅದಲುಬದಲು ಎಷ್ಟೋ ಸಲ, ಮಾತೇ ಇಲ್ಲದೆ ನಡೆಯಬೇಕು. ಜ್ವಾಲಾ ಎಡಗೈ ಆಟಗಾರ್ತಿ, ನೆಟ್ ಬಳಿ ಚುರುಕು. ಅಶ್ವಿನಿ ಬಲಗೈ, ಹಿಂದಿನಿಂದ ಬಲವಾದ ಸ್ಮ್ಯಾಶ್. ಅಂಕ ತಂದ ಸ್ಮ್ಯಾಶ್ ನಮ್ಮ ಕಣ್ಣಿಗೆ ಬೀಳುತ್ತದೆ. ಎದುರಾಳಿಯಿಂದ ಆ ಎತ್ತರದ ಶಟಲ್ ಬರುವ ಹಾಗೆ ಮಾಡಿದ ಮುಂದಿನವರ ಸಣ್ಣ ತಡೆ ವರದಿಗೆ ಸಿಗುವುದು ಕಡಿಮೆ. ವರದಿಗಾರರನ್ನು ಬೈಯುತ್ತಿಲ್ಲ, ನಾನೂ ಹಾಗೆಯೇ ನೋಡುತ್ತಿದ್ದೆ.

2011ರಲ್ಲಿ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಈ ಜೋಡಿ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದಿತು. 1983ರಲ್ಲಿ ಪ್ರಕಾಶ್ ಗೆದ್ದ ಕಂಚಿನ ಮೇಲೆ ಭಾರತಕ್ಕೆ ಅಲ್ಲಿ ಸಿಕ್ಕ ಮೊದಲ ಪದಕ ಅದು. ಇಬ್ಬರೂ ಸೇರಿ ಗೆದ್ದ ಪದಕ. ಅರ್ಜುನ ಪ್ರಶಸ್ತಿ ಮಾತ್ರ ಜ್ವಾಲಾಗೆ 2011ರಲ್ಲಿ, ಅಶ್ವಿನಿಗೆ 2012ರಲ್ಲಿ ಬಂತು. ಅದರಲ್ಲಿ ಅನ್ಯಾಯ ಹುಡುಕುವುದು ನನ್ನ ಉದ್ದೇಶವಲ್ಲ. ಪ್ರಶಸ್ತಿ ಪಟ್ಟಿಗೆ ಬೇಕಾಗುವುದು ಒಂದು ಸಾಲಿಗೆ ಒಂದು ಹೆಸರು, ಅಷ್ಟೇ.

ಒಂದು ವರ್ಷದ ಮೇಲೆ ಅದೇ ವೆಂಬ್ಲಿಯಲ್ಲಿ ಒಲಿಂಪಿಕ್ಸ್. ಈ ವೃತ್ತಿಜೀವನವನ್ನು ಓದುವವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅಶ್ವಿನಿ–ಜ್ವಾಲಾ ಜಪಾನ್ ಜೋಡಿಗೆ ಸೋತರು, ಚೈನೀಸ್ ತೈಪೆಯನ್ನು ಸೋಲಿಸಿದರು, ಸಿಂಗಪುರವನ್ನು ಸೋಲಿಸಿದರು. ಅತ್ತ ಜಪಾನ್ ತೈಪೆಗೆ ಸೋತಿತ್ತು. ಮೂರು ಜೋಡಿಗೂ ಎರಡೆರಡು ಗೆಲುವು. ಲೆಕ್ಕ ಹಾಕಿದರೆ ಭಾರತಕ್ಕೆ ಒಂದೇ ಒಂದು ಅಂಕ ಕಡಿಮೆ, ಕ್ವಾರ್ಟರ್‌ಫೈನಲ್ ಇಲ್ಲ. ಜಪಾನ್–ತೈಪೆ ಪಂದ್ಯ ಸರಿಯಾದ ಮನೋಭಾವದಲ್ಲಿ ನಡೆಯಿತೇ ಎಂದು ಭಾರತ ಎತ್ತಿದ ತಕರಾರು ನಿಲ್ಲಲಿಲ್ಲ. ಅದೇ ಕೂಟದಲ್ಲಿ ಬೇರೆ ಗುಂಪುಗಳ ನಾಲ್ಕು ಜೋಡಿಗಳು ಬೇಕೆಂದೇ ಸೋಲಲು ಆಡಿದ್ದಕ್ಕೆ ಹೊರಬಿದ್ದವು. ಖಾಲಿಯಾದ ಜಾಗಕ್ಕೆ ಆಯಾ ಗುಂಪಿನ ಉಳಿದವರನ್ನು ಕರೆದರು. ಗುಂಪಿನ ಮೂರೂ ಪಂದ್ಯ ಸೋತಿದ್ದ ಕೆನಡಾ ಜೋಡಿ ಹಾಗೆ ಒಳಬಂದು ಸೆಮಿಫೈನಲ್ ತಲುಪಿತು! ಎರಡು ಗೆದ್ದವರು ಮನೆಗೆ ಹೊರಟಿದ್ದರು. ತೈಪೆಗೆ ಸೋತಿದ್ದ ಜಪಾನ್ ಜೋಡಿ ಬೆಳ್ಳಿ ಪಡೆಯಿತು.

ಇದನ್ನು ‘ದುರದೃಷ್ಟ’ ಎಂದು ಮುಚ್ಚಿಡುವುದು ಸುಲಭ, ನಾನೂ ಬಹಳ ಕಾಲ ಹಾಗೇ ಹೇಳಿಕೊಂಡು ಬಂದೆ. ಈಗ ಆ ಪದ ನನಗೆ ಸಾಕಾಗುವುದಿಲ್ಲ. ಆ ಒಂದು ಅಂಕ ಎಲ್ಲಿ ಹೋಯಿತು? ಮೂರು ಪಂದ್ಯಗಳ ಯಾವ ರ‍್ಯಾಲಿಯಲ್ಲಾದರೂ ಇರಬಹುದು. ನೆಟ್‌ಗೆ ತಾಗಿದ ಒಂದು ಸರ್ವ್, ಇಬ್ಬರೂ ಬಿಟ್ಟ ಒಂದು ಶಟಲ್. ಕಾದಂಬರಿಯಲ್ಲಾದರೆ ಲೇಖಕ ಆ ರ‍್ಯಾಲಿಯನ್ನು ನಮಗೆ ತೋರಿಸುತ್ತಿದ್ದ, ನಾಯಕಿ ತಪ್ಪಿದ ಗಳಿಗೆಯನ್ನು ನಿಧಾನವಾಗಿ ಬರೆಯುತ್ತಿದ್ದ. ಇಲ್ಲಿ ಅಂಥ ಗಳಿಗೆಯೇ ಇಲ್ಲ, ತಪ್ಪಿಗೆ ಒಡೆಯರೂ ಇಲ್ಲ. ಒಬ್ಬ ನಾಯಕನನ್ನು ಬೇಡುವ ಕಥೆಗೆ ಒಬ್ಬ ತಪ್ಪಿತಸ್ಥನೂ ಬೇಕು, ಮತ್ತು ಈ ಜೋಡಿಯ ಕಥೆ ಎರಡನ್ನೂ ಕೊಡುವುದಿಲ್ಲ. ಅದು ನಮ್ಮ ಜೀವನಕಥೆಗಳ ಅಚ್ಚಿಗೆ ಒಗ್ಗದಿರಲು ಇದೇ ಮುಖ್ಯ ಕಾರಣ ಎಂದು ನನ್ನ ಅನುಮಾನ.

ಇನ್ನೊಂದು ಕಾರಣ ಲೆಕ್ಕಪತ್ರದ್ದು. ಡಬಲ್ಸ್‌ನಲ್ಲಿ ವಿಶ್ವ ರ‍್ಯಾಂಕಿಂಗ್ ಇರುವುದು ಜೋಡಿಗೆ. ಜೊತೆಗಾರ್ತಿ ಬದಲಾದರೆ ಹೊಸ ಜೋಡಿ ಕೆಳಗಿನಿಂದ ಹತ್ತಬೇಕು. 2016ರ ರಿಯೋ ನಂತರ ಅಶ್ವಿನಿ ಸಿಕ್ಕಿ ರೆಡ್ಡಿ ಜೊತೆ ಹತ್ತಿದರು, 2018ರ ಗೋಲ್ಡ್ ಕೋಸ್ಟ್‌ನಲ್ಲಿ ಇಬ್ಬರಿಗೂ ಕಂಚು. ಅದೇ ಕೂಟದ ಮಿಶ್ರ ತಂಡ ಫೈನಲ್‌ನ ಮೊದಲ ಪಂದ್ಯವನ್ನು 17 ವರ್ಷದ ಸಾತ್ವಿಕ್‌ಸಾಯಿರಾಜ್ ಜೊತೆ ಆಡಿ ಗೆದ್ದವರೂ ಇವರೇ. ಆ ಸಂಜೆಯ ಚಿನ್ನ ಎಂದರೆ ನನ್ನ ನೆನಪಿಗೆ ಬರುವುದು ಸೈನಾ. 2023ರಲ್ಲಿ ತನಿಷಾ ಕ್ರಾಸ್ತೊ ಜೊತೆ ಮತ್ತೆ ಕೆಳಗಿನಿಂದ. ದೆಹಲಿಯ ಚಿನ್ನದ ದಿನ ತನಿಷಾಗೆ ಏಳು ವರ್ಷ. ಮೂವತ್ತು ದಾಟಿದ ಮೇಲೆ, ತನಗಿಂತ ಹದಿಮೂರು ವರ್ಷ ಚಿಕ್ಕವಳ ಹೆಜ್ಜೆ ಕಲಿಯುವುದು ಎಂದರೆ ತನ್ನ ಹಳೆಯ ಹೆಜ್ಜೆಗಳನ್ನು ಮರೆಯುವುದೂ ಹೌದು. ಅದೇ ವರ್ಷ ಅಬುಧಾಬಿ, ಗುವಾಹಟಿ ಮಾಸ್ಟರ್ಸ್ ಇವರದಾದವು.

2024ರ ಪ್ಯಾರಿಸ್‌ನಲ್ಲಿ ಮೂರಕ್ಕೆ ಮೂರೂ ಸೋಲು. ಇದೇ ನನ್ನ ಕೊನೆಯ ಒಲಿಂಪಿಕ್ಸ್ ಎಂದು ಅಶ್ವಿನಿ ಕಣ್ಣೀರಿನಲ್ಲಿ ಹೇಳಿದರು. ಬರೆಯುವವರಿಗೆ ಬೇಕಾದ ಅಂತ್ಯ ಅಲ್ಲಿ ಸಿಕ್ಕಿತು. ಇಷ್ಟು ಹೊತ್ತು ದೂರುತ್ತಾ ಬಂದ ನಾನೂ ನನ್ನ ಟಿಪ್ಪಣಿಯನ್ನು ಅಲ್ಲಿಗೇ ಮುಗಿಸಿದ್ದೆ, ‘ಅಶ್ವಿನಿ’ ಎಂಬ ಏಕವಚನದ ಕರ್ತೃಪದದೊಂದಿಗೆ. ಪಕ್ಕದಲ್ಲಿ ತನಿಷಾ ಕೂಡ ಅಳುತ್ತಿದ್ದದ್ದು ಟಿಪ್ಪಣಿಗೆ ಬಂದಿರಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಇಬ್ಬರೂ ಮತ್ತೆ ಗುವಾಹಟಿಗೆ ಹೋಗಿ ತಮ್ಮ ಪ್ರಶಸ್ತಿಯನ್ನು ಉಳಿಸಿಕೊಂಡರು.